ಆ ದಂಡಿಗಿ ಒಬ್ಬಾಕಿ ಅದಾಳ

ಕಾಗಿಣಾ ಹೊಳೆಯ ನಡುವಿನ ಜಾಲಿಗಡ್ಡಿಯಲ್ಲಿ ಹತ್ತು ಹನ್ನೆರಡು ಮನೆಗಳಿವೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಬಂಡೆಯಿಂದ ಬಂಡೆಗೆ ಕಾಲಿಡುತ್ತ ಆಚೆ ದಂಡೆಗೆ ಹೋಗಿಬಿಡಬಹುದು. ಮಳೆ ಹಿಡಿಯಿತೆಂದರೆ ಆ ದಾರಿ ಮುಳುಗುತ್ತದೆ. ಮಳೆ ಮುಗಿದ ಮೇಲೆ ಕೆಳಗಿನ ಬಾಂದಾರದ ಬಾಗಿಲು ಹಾಕುತ್ತಾರೆ, ನೀರು ಶಿವರಾತ್ರಿಯ ತನಕ ಇಳಿಯುವುದಿಲ್ಲ. ಅಲ್ಲಿಯವರೆಗೂ ಇಡೀ ಗಡ್ಡಿಗೆ ಒಂದೇ ಹರಗೋಲು. ಬಿದಿರಿನ ದೊಡ್ಡ ಬುಟ್ಟಿಗೆ ತಾಡಪತ್ರಿ ಹೊದಿಸಿ, ಡಾಂಬರು ಬಳಿದು ಮಾಡಿದ್ದು. ಅದನ್ನು ನಡೆಸುವವನು ಜಟ್ಟೆಪ್ಪ. ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಕೂಲಿಗೆ ಹೋಗುವ ಹೆಂಗಸರು, ಒಮ್ಮೊಮ್ಮೆ ಬೆದರಿದ ಆಡು, ಎಲ್ಲ ಅವನ ಹುಟ್ಟಿನ ಮೇಲೇ ಆಚೆ ಈಚೆ ಆಗಬೇಕು.

ಸಂಜೆ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಜಟ್ಟೆಪ್ಪ ದಂಡೆಯ ಮೇಲೆ ನಿಂತು ಕೂಗುತ್ತಾನೆ.

"ಎಲ್ಲಾರೂ ಬಂದರೇನ್ರೋ?"

ಒಲೆಯ ಮುಂದಿನಿಂದಲೋ, ಕೊಟ್ಟಿಗೆಯಿಂದಲೋ ಒಂದೊಂದು ಮನೆಯವರೂ ಉತ್ತರ ಕೊಡುತ್ತಾರೆ. "ನಮ್ಮ ಮನಿ ಬಂತು!" ಕೊನೆಯ ಮನೆಯ ದನಿ ಕೇಳಿದ ಮೇಲೆ ಅವನು ಹರಗೋಲನ್ನು ಮೇಲಕ್ಕೆಳೆದು ಮಳಲಿನ ಮೇಲೆ ಬೋರಲು ಹಾಕುತ್ತಾನೆ. ಯಾವುದಾದರೂ ಒಂದು ಮನೆ ಸುಮ್ಮನಿದ್ದರೆ ಹರಗೋಲು ನೀರಿನಲ್ಲೇ ಇರುತ್ತದೆ, ಅವನೂ ಅದರ ಪಕ್ಕದಲ್ಲೇ ಬೀಡಿ ಸೇದುತ್ತ ಕೂರುತ್ತಾನೆ. ಆಚೆ ದಂಡೆಯಲ್ಲಿ ನಿಂತವರಿಗೂ ಇದು ಗೊತ್ತು. ಹರಗೋಲು ನೀರಿನಲ್ಲಿದ್ದರೆ ತಮಗಾಗಿ ಯಾರೋ ಕಾಯುತ್ತಿದ್ದಾರೆ. ಬೋರಲಾಗಿದ್ದರೆ ಗಡ್ಡಿಯವರೆಲ್ಲ ಮನೆ ಸೇರಿದ್ದಾರೆ.

ಫೋನು ಇಲ್ಲವೆಂದಲ್ಲ. ಆದರೆ ಗಡ್ಡಿಯ ಮೇಲ್ತುದಿಯ ಬೇವಿನ ಗಿಡದ ಹತ್ತಿರ ಬಿಟ್ಟರೆ ಬೇರೆಲ್ಲೂ ಟವರ್ ಸಿಗುವುದಿಲ್ಲ. ಎಲ್ಲರೂ ತಮ್ಮ ಫೋನನ್ನು ಬಟ್ಟೆಯ ಚೀಲಕ್ಕೆ ಹಾಕಿ ಆ ಗಿಡದ ಕೊಂಬೆಗೆ ನೇತುಹಾಕುತ್ತಾರೆ. ಹಗಲಿನಲ್ಲಿ ಹತ್ತಿರ ಓಡಾಡುವವರು ಯಾರದೇ ಫೋನು ಬಡಿದರೂ ಎತ್ತಿ ಸುದ್ದಿ ಮುಟ್ಟಿಸುತ್ತಾರೆ. ಅಡುಗೆಯ ಹೊತ್ತಿನಲ್ಲಿ ಅಲ್ಲಿ ಆಡುಗಳು ಮಾತ್ರ ಇರುತ್ತವೆ.

ಭೀಮಮ್ಮನ ಸೊಸೆ ಭಾಗ್ಯಜ್ಯೋತಿ ಗಡ್ಡಿಗೆ ಬಂದದ್ದು ವೈಶಾಖದಲ್ಲಿ, ತೆಂಗಳಿಯಿಂದ, ನಡೆದುಕೊಂಡೇ. ಆಗ ಹೊಳೆಯಲ್ಲಿ ಕಾಲು ತೋಯುವಷ್ಟೂ ನೀರಿರಲಿಲ್ಲ. ಮದುಮಗಳ ಕಾಲಿನ ಬೆಳ್ಳಿಯುಂಗುರ ಬಂಡೆಗೆ ತಾಗಿ ಸದ್ದಾಗುತ್ತಿದ್ದುದನ್ನು ಕೇಳಿ ಹೆಂಗಸರು ನಕ್ಕಿದ್ದರು. ಗಂಡ ಅಂಬರೇಶ ಶಹಾಬಾದಿನಲ್ಲಿ ಪರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದ. ವಾರವೆಲ್ಲ ಅಲ್ಲಿಯೇ ಖೋಲಿಯಲ್ಲಿ ಇದ್ದು ರವಿವಾರ ಬರುತ್ತಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಭೀಮಮ್ಮ ಮಾತು ಕಡಿಮೆ, ಸೊಸೆ ಅದಕ್ಕಿಂತ ಕಡಿಮೆ. ಆದರೂ ಇಬ್ಬರ ನಡುವೆ ಒಂದು ಹದ ಬರತೊಡಗಿತ್ತು. ಒಬ್ಬಳು ಹಿಟ್ಟು ನಾದಿದರೆ ಇನ್ನೊಬ್ಬಳು ಒಲೆ ಹೊತ್ತಿಸುವಳು. ಒಬ್ಬಳು ಕಸಬರಿಗೆ ಹಿಡಿದರೆ ಇನ್ನೊಬ್ಬಳು ಕೊಡ ಎತ್ತುವಳು.

ಶ್ರಾವಣದಲ್ಲಿ ಒಂದು ದಿನ ಭಾಗ್ಯಜ್ಯೋತಿ ಅತ್ತೆಯ ಮೊಣಕಾಲು ನೋವಿನ ಗುಳಿಗೆ ತರಲು ಚಿತ್ತಾಪುರಕ್ಕೆ ಹೋದಳು. ಬಸ್ಸು ತಡವಾಯಿತು. ಆಕೆ ಹೊಳೆಯ ದಂಡೆಗೆ ಬಂದಾಗ ಜಿಟಿಜಿಟಿ ಮಳೆ, ಗಡ್ಡಿಯ ಕಡೆಯಿಂದ ಎದುರುಗಾಳಿ. "ಕಾಕಾ!" ಎಂದು ಜಟ್ಟೆಪ್ಪನನ್ನು ಕೂಗಿದಳು. ಗಾಳಿ ಆ ದನಿಯನ್ನು ಅವಳ ಬಾಯಿಗೇ ತಂದು ತುಂಬಿತು. ಆದರೆ ಅದೇ ಗಾಳಿಯಲ್ಲಿ ಗಡ್ಡಿಯ ಮಾತು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಜಟ್ಟೆಪ್ಪ ಕೇಳಿದ. ಒಂದೊಂದು ಮನೆಯೂ ಉತ್ತರ ಕೊಟ್ಟಿತು. ತನ್ನ ಅತ್ತೆ ಸುಮ್ಮನಿರುತ್ತಾಳೆ, ಹರಗೋಲು ತನಗಾಗಿ ನಿಲ್ಲುತ್ತದೆ ಎಂದು ಆಕೆ ಕಾಯುತ್ತಿದ್ದಾಗಲೇ ಭೀಮಮ್ಮನ ದನಿ ನೀರಿನ ಮೇಲೆ ತೇಲಿ ಬಂತು.

"ನಮ್ಮ ಮನಿ ಬಂತು!"

ಭೀಮಮ್ಮ ಬೇಕೆಂದು ಹೇಳಿದ್ದಲ್ಲ. ಗಂಡ ತೀರಿಕೊಂಡು, ಮಗ ಶಹಾಬಾದ್ ಸೇರಿದ ಮೇಲೆ ಎಷ್ಟೋ ವರ್ಷ ವಾರದ ದಿನಗಳಲ್ಲಿ ಆ ಮನೆಯೆಂದರೆ ಅವಳೊಬ್ಬಳೇ. ತಾನು ಒಳಗಿದ್ದರೆ ಮನೆ ಬಂದಂತೆಯೇ. ಬಾಯಿಗೆ ಅದು ರೂಢಿಯಾಗಿತ್ತು. ಮಳೆಯ ತಂಪಿಗೆ ಹಸಿವಾಗಿ ಬೇಗ ಉಂಡಳು. ಉಳಿದ ರೊಟ್ಟಿಗಳ ಮೇಲೆ ಬಟ್ಟೆ ಮುಚ್ಚುವಾಗ ಕೈ ನಿಂತಿತು. ಈ ರೊಟ್ಟಿ ಯಾರಿಗೆ? ಕೈ ಇಬ್ಬರಿಗೆ ಬಡಿದಿತ್ತು, ಬಾಯಿ ಒಬ್ಬಳ ಲೆಕ್ಕದಲ್ಲಿ ಉತ್ತರ ಕೊಟ್ಟಿತ್ತು.

ಬರಿಗಾಲಿನಲ್ಲೇ ಜಟ್ಟೆಪ್ಪನ ಮನೆಗೆ ಓಡಿದಳು. ಅವನು ಉಣ್ಣುತ್ತಿದ್ದವನು ಕೈ ತೊಳೆದು, ಹುಟ್ಟು ಹುಡುಕಿ, ಹರಗೋಲನ್ನು ಮಗುಚಿ ನೀರಿಗಿಳಿಸುವ ತನಕ ಆಕೆ ದಂಡೆಯ ಮೇಲೆ ಬ್ಯಾಟರಿ ಹಿಡಿದು ಅತ್ತ ಇತ್ತ ಆಡಿಸುತ್ತಲೇ ಇದ್ದಳು. ಆಚೆ ದಂಡೆ ಮುಟ್ಟಿದಾಗ ಅಲ್ಲಿ ಯಾರೂ ಇರಲಿಲ್ಲ. ಹರಗೋಲು ಕಟ್ಟುವ ಗೂಟಕ್ಕೆ ಒಂದು ಕ್ಯಾರಿಬ್ಯಾಗು ಕಟ್ಟಿತ್ತು. ಅದರೊಳಗೆ ಮೊಣಕಾಲಿನ ಗುಳಿಗೆ, ಮಳೆ ತಾಗದಂತೆ ಬಾಯಿ ಬಿಗಿದು.

ಮರುದಿನ ಬೇವಿನ ಗಿಡದ ಕೆಳಗೆ ಸುದ್ದಿ ಸಿಕ್ಕಿತು. ಭಾಗ್ಯಜ್ಯೋತಿ ಟಂಟಂ ಆಟೋ ಹತ್ತಿ, ದಾರಿಯಲ್ಲಿ ಬಸ್ಸು ಹಿಡಿದು ತವರಿಗೆ ಹೋಗಿದ್ದಳು. ಫೋನಿನಲ್ಲಿ ಮಾತಾಡಿದವಳು ಅವಳ ತಾಯಿ ಸೂಗಮ್ಮ. "ಹುಡುಗಿ ಮುಟ್ಯಾಳ್ರಿ. ಫಿಕರ್ ಮಾಡಬ್ಯಾಡ್ರಿ," ಎಂದಷ್ಟೇ ಹೇಳಿ ಇಟ್ಟಳು. ರವಿವಾರ ಅಂಬರೇಶ ತೆಂಗಳಿಗೆ ಹೋದವನು ಒಬ್ಬನೇ ಬಂದ.

"ಏನಂದಳೋ?" ತಾಯಿ ಕೇಳಿದಳು.

"ಸಿಟ್ಟಿಲ್ಲ ಅಂತಾಳ. ಚಹಾ ಮಾಡಿ ಕೊಟ್ಟಳು. ಬಾ ಅಂದ್ರ, 'ಯಾರ ಮನಿಗಿ?' ಅಂತಾಳ. ನಾ ಏನ್ ಹೇಳಲಿ ಬೇ?"

"ನಮ್ಮನಿಗಿ ಅನಬೇಕಿಲ್ಲೋ, ಹುಚ್ಚಾ."

"ಅಂದೆ. 'ನಿಮ್ಮನಿ ಅವತ್ತೇ ಬಂದದಂತಲ್ಲ' ಅಂದಳು."

ಭೀಮಮ್ಮ ಮಗನಿಗೆ ಬಡಿಸಿ, ಮುಸುರೆ ತಿಕ್ಕಲು ಕುಳಿತಳು. ಒಂದೇ ತಾಟನ್ನು ಬಹಳ ಹೊತ್ತು ತಿಕ್ಕಿದಳು.

ಆ ಸಂಜೆ ಜಟ್ಟೆಪ್ಪ ಕೂಗಿದಾಗ ಎಲ್ಲ ಮನೆಗಳೂ ಉತ್ತರ ಕೊಟ್ಟವು. ಭೀಮಮ್ಮನ ಮನೆ ಕೊಡಲಿಲ್ಲ.

"ಭೀಮವ್ವಾ, ಅಂಬರೇಶ ಬಂದಾನಲ್ಲಬೇ. ನಾನಾ ಕರಕೊಂಡು ಬಂದೀನಿ," ಎಂದ ಜಟ್ಟೆಪ್ಪ ಅಂಗಳದ ತನಕ ಬಂದು.

"ಆ ದಂಡಿಗಿ ನಮ್ಮಾಕಿ ಒಬ್ಬಾಕಿ ಅದಾಳ, ಕಾಕಾ."

"ಆ ದಂಡಿಗಿ ಎಲ್ಲಿ? ಆಕಿ ತೆಂಗಳ್ಯಾಗ ಅದಾಳ!"

"ತೆಂಗಳಿನೂ ಆ ದಂಡಿಗೇ ಅಲ್ಲೇನು?"

ಜಟ್ಟೆಪ್ಪ ತಲೆ ಕೆರೆದುಕೊಂಡ. ಒಂದು ಮನೆ ಬಂದಿಲ್ಲ ಅಂದರೆ ಹರಗೋಲು ಬೋರಲು ಹಾಕುವಂತಿಲ್ಲ. ಇದು ಅವನ ಅಪ್ಪನ ಕಾಲದಿಂದಲೂ ನಡೆದು ಬಂದದ್ದು. ಆ ರಾತ್ರಿ ಮಳೆ ಬಂತು. ಬೆಳಿಗ್ಗೆ ಹರಗೋಲಿನಲ್ಲಿ ಮೊಣಕಾಲುದ್ದ ನೀರು. ಶಾಲೆಯ ಮಕ್ಕಳು ದಂಡೆಯ ಮೇಲೆ ಕುಣಿಯುತ್ತ ಕಾಯುತ್ತಿದ್ದಾಗ ಅವನು ತಂಬಿಗೆಯಿಂದ ನೀರು ಗೋರಿ ಗೋರಿ ಚೆಲ್ಲಿದ. ಮರುದಿನವೂ ಅದೇ ಆಯಿತು. ಅದರ ಮರುದಿನವೂ. ಒದ್ದೆಯಲ್ಲೇ ಇದ್ದ ಬಿದಿರು ಕರ್ರಗಾಗತೊಡಗಿತು. ಬೆಳಿಗ್ಗೆ ಬೇಗ ಎದ್ದ ದಿನ ಭೀಮಮ್ಮನೇ ಬಂದು ನೀರು ಗೋರಿದಳು. ಮೊಣಕಾಲು ಮಡಚಲು ಬಾರದ್ದಕ್ಕೆ ನಿಂತೇ ಬಗ್ಗಿ ಗೋರುತ್ತಿದ್ದಳು.

ಪಕ್ಕದ ಮನೆಯ ಹಣಮವ್ವ ಸುಮ್ಮನಿರುವ ಹೆಂಗಸಲ್ಲ. ನೀರಿಗೆ ಬಂದಾಗ ಕೊಡ ಕೆಳಗಿಟ್ಟು ಶುರು ಮಾಡಿದಳು.

"ಯವ್ವಾ, ಸೊಸಿ ಸಿಟ್ಟಾದರ ಹರಗೋಲ ಯಾಕ ನೆನೀಬೇಕು? ನಾಳಿ ನನ್ನ ಸೊಸಿ ಮುನಿಸ್ಯಾಡಿದಳಂದ್ರ ನಾ ಏನು ಎಮ್ಮಿ ಹೊರಗ ಕಟ್ಟಲೇನು?"

"ಕಟ್ಟು. ನಿನ್ನ ಎಮ್ಮಿ, ನಿನ್ನ ಸೊಸಿ."

"ಹೋಗಿ ಕರಕೊಂಡರೆ ಬಾ. ಇಲ್ಲಾಂದ್ರ ಬಿಟ್ಟರೆ ಬಿಡು. ಇದೇನಿದು, ನಡು ನೀರಾಗ!"

ಹಣಮವ್ವ ಕೊಡ ಎತ್ತಿಕೊಂಡು ಹೋದಳು. ಭೀಮಮ್ಮ ತಂಬಿಗೆ ಹಿಡಿದು ನಿಂತಳು. ಹರಗೋಲು ನೆನೆದದ್ದು ತೆಂಗಳಿಯಲ್ಲಿ ಕೂತವಳಿಗೆ ಹೇಗೆ ಕಾಣಬೇಕು? ತಾನು ಇಲ್ಲಿ ಕಾಯುತ್ತಿರುವುದು ಗಡ್ಡಿಗೆಲ್ಲ ಗೊತ್ತು, ಗೊತ್ತಾಗಬೇಕಾದವಳಿಗೆ ಮಾತ್ರ ಗೊತ್ತಿಲ್ಲ. ಹಣಮವ್ವನ ಬಾಯಿ ಹರಿತ, ಆದರೆ ಆವತ್ತು ಅದು ಸರಿಯಾದ ಜಾಗವನ್ನೇ ಕೊಯ್ದಿತ್ತು.

ಮರುದಿನ ನಸುಕಿನಲ್ಲೇ ಎದ್ದು ಕಟಕ ರೊಟ್ಟಿ ಕಟ್ಟಿದಳು. ಹಿತ್ತಲಿನ ಪುಂಡಿಪಲ್ಯ ಕಿತ್ತು, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ಆಡಿಗೆ ಸೊಪ್ಪು ಹಾಕಿ, ಕೋಳಿಗೂಡಿನ ಕದ ತೆಗೆದು, ಜಟ್ಟೆಪ್ಪನ ಮುಂದೆ ಬಂದು ನಿಂತಳು. ಅವನು ಹುಟ್ಟು ಎತ್ತಿದ. ನಡುಹೊಳೆಗೆ ಬಂದಾಗ ಕೇಳಿದ. "ಕರಕೊಂಡ ಬರ್ತೀಯೇನು, ಖಾಲಿ ಕೈಲೆ ಬರ್ತೀಯೋ?"

"ನನಗ ತಿಳೀವಲ್ದು ಕಾಕಾ."

"ಸಂಜಿಕಿ ಇಲ್ಲೇ ಇರ್ತೀನಿ ತಗೋ."

ತೆಂಗಳಿಯಲ್ಲಿ ಸೂಗಮ್ಮ ಅಂಗಳದಲ್ಲಿ ಹೆಸರಿನ ಕಾಯಿ ಹರವುತ್ತಿದ್ದಳು. ಮಳೆ ಬಿಟ್ಟು ಬಿಸಿಲು ಬಿದ್ದ ದಿನ. ಬೀಗತಿಯನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಬರ್ರಿ, ಕುಂದ್ರಿ." ನೀರಿನ ತಂಬಿಗೆ ತಂದಿಟ್ಟಳು. ಬಾಗಿಲ ಕಡೆ ನೋಡಿದಳು. "ನಿಮ್ಮ ಮನಿಯವರು ಎಲ್ಲಾರೂ ಬಂದರೇನ್ರಿ? ಇನ್ನಾ ಯಾರರೆ ಹಿಂದ ಉಳದಾರೇನು?"

ಆ ಮಾತು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತು. ಭೀಮಮ್ಮ ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

"ಹಿಂದ ಉಳದಾಕಿನ ನೋಡಲಾಕಾ ಬಂದೀನ್ರಿ."

ಸೂಗಮ್ಮ ಖಾಲಿ ತಂಬಿಗೆ ಎತ್ತಿಟ್ಟಳು. "ಹೊಲಕ್ಕ ಹೋಗ್ಯಾಳ, ಬರ್ತಾಳ," ಎಂದು ಮತ್ತೆ ಕಾಯಿಯ ಮುಂದೆ ಕುಳಿತಳು. ಭೀಮಮ್ಮನೂ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದು, ಕಾಲು ನೀಡಿ ಕೂತು, ಒಂದು ಮೊರದಷ್ಟು ಕಾಯಿ ತನ್ನ ಮುಂದಕ್ಕೆ ಎಳೆದುಕೊಂಡಳು. ಒಣಗಿದ ಕಾಯಿ ಬೆರಳಿನ ನಡುವೆ ಚಟ್ ಎಂದು ಬಿರಿದು ಹಸಿರು ಕಾಳು ಉದುರುತ್ತಿದ್ದವು.

"ಬ್ಯಾಡ್ರಿ, ನೀವ್ಯಾಕ," ಎಂದಳು ಸೂಗಮ್ಮ.

"ಕೈ ಸುಮ್ಮಕ ಇದ್ರ ಬಾಯಿ ಬರಂಗಿಲ್ಲ ನನಗ."

ತುಸು ಹೊತ್ತಿಗೆ ಭಾಗ್ಯಜ್ಯೋತಿ ತಲೆಯ ಮೇಲೆ ಗಂಟು ಹೊತ್ತು ಬಂದಳು. ಅತ್ತೆಯನ್ನು ಕಂಡು ಬಾಗಿಲಲ್ಲೇ ನಿಂತಳು. ಆಮೇಲೆ ಗಂಟು ಇಳಿಸಿ, ಬಂದು ಕಾಲು ಮುಟ್ಟಿ ನಮಸ್ಕರಿಸಿ, ಎದುರಿಗೆ ಕೂತು ತಾನೂ ಕಾಯಿ ಬಿಡಿಸತೊಡಗಿದಳು. ಮೂವರ ಕೈಗಳೂ ಓಡುತ್ತಿದ್ದವು.

"ಗುಳಿಗಿ ತಗೊಂಡ್ರೇನು ಅತ್ತಿ?"

"ತಗೊಂಡೆ."

"ಬೂಸರ ಬಂದಿರಬೇಕು, ಮಳ್ಯಾಗ."

"ಇಲ್ಲ. ಚಂದ ಕಟ್ಟಿದ್ದಿ ಬಿಡವ್ವಾ."

ಭಾಗ್ಯಜ್ಯೋತಿ ತಲೆ ಎತ್ತದೆಯೇ ಕೇಳಿದಳು. "ಅವತ್ತ ನೀವು ಉಂಡಿದ್ರೇನು?"

ಸುಳ್ಳು ಹೇಳಬಹುದಿತ್ತು. ಅನ್ನ ಇಳಿಯಲಿಲ್ಲ ಎಂದು ಹೇಳಿದ್ದರೆ ಕೇಳಲು ಚೆನ್ನಾಗಿಯೂ ಇರುತ್ತಿತ್ತು. ಭೀಮಮ್ಮ ಕೈಯಲ್ಲಿದ್ದ ಸಿಪ್ಪೆ ಪಕ್ಕಕ್ಕೆ ಹಾಕಿದಳು.

"ಉಂಡಿದ್ದೆ. ಹೊಟ್ಟಿ ತುಂಬ ಉಂಡಿದ್ದೆ. ರೊಟ್ಟಿ ಮುಚ್ಚಿಡಬೇಕಾದ್ರ ನೀ ನೆನಪಾದಿ."

"ಹೊಟ್ಟಿ ತುಂಬಿದ ಮ್ಯಾಗ," ಎಂದಳು ಸೂಗಮ್ಮ.

"ಹೌದ್ರಿ. ಹೊಟ್ಟಿ ತುಂಬಿದ ಮ್ಯಾಗ. ಸುಳ್ಳ ಹೇಳಲಾಕ ಇಷ್ಟು ದೂರ ಬಂದಿಲ್ಲ ನಾ. ನನ್ನ ಬಾಯಿಗಿ ನೀ ಇನ್ನಾ ರೂಢಿ ಆಗಿರಲಿಲ್ಲವ್ವ, ಜ್ಯೋತಿ. ಕೈಗಿ ಆಗಿದ್ದಿ. ರೊಟ್ಟಿ ನಿನಗೂ ಬಡದಿದ್ದೆ."

ಭಾಗ್ಯಜ್ಯೋತಿಯ ಬೆರಳು ನಿಂತವು. ಒಂದು ಕೋಳಿ ಬಂದು ಹರವಿದ ಕಾಯಿಯ ಅಂಚಿಗೆ ಕೊಕ್ಕು ಹಾಕಿತು. ಯಾರೂ ಓಡಿಸಲಿಲ್ಲ.

"ನನಗ ಬ್ಯಾಟರಿ ಬೆಳಕು ಕಂಡಿತ್ತು," ಎಂದಳು ಆಕೆ. "ಟಂಟಂ ಬಂದಿತ್ತು, ಒಂದ ಕಾಲು ಒಳಗಿಟ್ಟಿದ್ದೆ. ತಿರುಗಿ ನೋಡಿದ್ರ ಗಡ್ಡಿ ದಂಡಿಗಿ ಬೆಳಕು ಹಿಂಗ ಹಿಂಗ ಆಡಲಿಕತ್ತಿತ್ತು. ನೀವಾ ಅಂತ ಗೊತ್ತಾತು. ಆದ್ರೂ ಹತ್ತಿದೆ."

"ಯಾಕಬೇ?" ಸೂಗಮ್ಮನಿಗೆ ಇದು ಹೊಸ ಸುದ್ದಿ. "ನನ್ನ ಮುಂದ ಹೇಳಲಿಲ್ಲಲ್ಲ ನೀ ಇದನ್ನ!"

"ಹೇಳಿದ್ರ ನೀ ನನ್ನ ಅವತ್ತೇ ವಾಪಸ್ ಕಳಸ್ತಿದ್ದಿ." ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಬೆಳಕು ಅಲ್ಲೇ ಆಡ್ತಿತ್ತು ಅತ್ತಿ, ಹೊಳಿಗಿ ಇಳೀಲೇ ಇಲ್ಲ. ಎಷ್ಟೊತ್ತು ನೋಡಲಿ? ಟಂಟಂನವ ಒದರಲಿಕತ್ತಿದ್ದ."

"ಜಟ್ಟೆಪ್ಪ ಕಾಕಾ ಉಣಲಿಕತ್ತಿದ್ದ. ಅವ ಎದ್ದು ಬರೂತನ ನಾ ಏನ್ ಮಾಡ್ಲಿ? ಹುಟ್ಟ ಹಿಡಿಯೋದು ನನಗೆಲ್ಲಿ ಬರ್ತದ."

"ಬರಂಗಿಲ್ಲಾ?" ಭಾಗ್ಯಜ್ಯೋತಿ ಮೊದಲ ಸಲ ನೇರವಾಗಿ ನೋಡಿದಳು. "ಇಷ್ಟು ವರ್ಷ ಹೊಳ್ಯಾಗ ಇದ್ದು?"

"ಹೊರಗಿಂದ ಬಂದ ಸೊಸ್ತ್ಯಾರ ಕೈಗಿ ಹುಟ್ಟ ಕೊಡಂಗಿಲ್ಲವ್ವ ಅಲ್ಲಿ. ಗಡ್ಡಿಯಾಗ ಹುಟ್ಟಿದ ಹೆಣ್ಮಕ್ಕಳು ನಡಸ್ತಾರ, ಲಗ್ನಾಗಿ ಹೊರಗ ಹೋಗ್ತಾರ. ನಾವು ಬಂದಾಕ್ಯಾರು ಕುಂತು ದಾಟ್ತೀವಿ. ನಾನೂ ಐನಾಪುರದಾಕಿ. ಅಂಬರೇಶ ಕೂಸಿದ್ದಾಗ, ಮೈ ಸುಡ್ತಿತ್ತು, ಅವನ್ನ ಸೆರಗಿನ್ಯಾಗ ಕಟಗೊಂಡು ಆ ದಂಡಿಗಿ ಮಳ್ಯಾಗ ನಿಂತಿದ್ದೆ. ಹರಗೋಲ ಬರೂತನ ನಿಂತಿದ್ದೆ. ಕಾಯೋದಾ ನಮ್ಮ ಕೆಲಸ ಅಂತ ತಿಳಕೊಂಡಿದ್ದೆ."

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಅದನ್ನು ಆಕೆ ಯಾರ ಮುಂದೆಯೂ ಹೇಳಿರಲಿಲ್ಲ, ಮಗನ ಮುಂದೆ ಕೂಡ.

ಸೂಗಮ್ಮ ಎದ್ದು ಒಳಗೆ ಹೋದಳು. ಒಲೆಯ ಮೇಲೆ ಚಹದ ಪಾತ್ರೆ ಇಡುವ ಸದ್ದು ಕೇಳಿತು.

"ನಾ ಬರ್ತೀನಿ," ಎಂದಳು ಭಾಗ್ಯಜ್ಯೋತಿ. "ಆದ್ರ ನನಗ ಹುಟ್ಟ ಹಿಡಿಯೋದು ಕಲಸಬೇಕು. ನಾಳಿ ನೀವು ಆ ದಂಡಿಗಿ ನಿಂತ್ರ ನಾ ಬರಬೇಕಲ್ಲ. ಬ್ಯಾಟರಿ ತೋರಿಸಕೋತ ನಿಂದ್ರಲಾಕ ಆಗಂಗಿಲ್ಲ ನನಗ."

"ನನಗಾ ಬರಂಗಿಲ್ಲ, ನಿನಗ ಹ್ಯಾಂಗ ಕಲಸಲಿ?"

"ಹಂಗಾದ್ರ ನೀವೂ ಕಲೀರಿ."

ಒಳಗಿನಿಂದ ಸೂಗಮ್ಮ ಕೂಗಿದಳು. "ಈ ವಯಸ್ಸಿನ್ಯಾಗ ಅವರಿಗಿ ಸರ್ಕಸ್ ಮಾಡಸ್ತಿಯೇನು? ಮೊಣಕಾಲ ಬ್ಯಾರೆ ನೂಸ್ತಾವ!"

"ಹರಗೋಲ ಮೊಣಕಾಲಲೆ ನಡಸ್ತಾರೇನವ್ವಾ? ಕೈಲೆ ನಡಸ್ತಾರ," ಎಂದಳು ಮಗಳು.

ಭೀಮಮ್ಮನಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೂಗಮ್ಮ ತಂದ ಚಹವನ್ನು ಬಸಿಗೆ ಹಾಕಿಕೊಂಡು ಊದಿ ಊದಿ ಕುಡಿದಳು. ಪುಂಡಿಪಲ್ಯದ ಗಂಟು ಬಿಚ್ಚಿ ಬೀಗತಿಯ ಮುಂದಿಟ್ಟಳು. ಸೂಗಮ್ಮ ಅದನ್ನು ಮೂಸಿ, "ಹುಳಿ ಚಲೋ ಅದ," ಎಂದಳು. ಬಂದಾಗಿನ ಬಿಗಿ ಅವಳ ಮುಖದಲ್ಲಿ ಇರಲಿಲ್ಲ. ಹೊರಡುವಾಗ ಮಗಳ ಚೀಲಕ್ಕೆ ಹೊಸ ಹೆಸರುಕಾಳು ಹಾಕಿ, ಅತ್ತೆಯ ಚೀಲಕ್ಕೂ ಬೇರೆಯಾಗಿ ಹಾಕಿದಳು.

ಜಟ್ಟೆಪ್ಪ ಮಾತಿನಂತೆ ದಂಡೆಯಲ್ಲೇ ಇದ್ದ. ಇಬ್ಬರನ್ನು ಕಂಡು ಬೀಡಿ ಎಸೆದು ಎದ್ದ. "ಬಂದ್ಯಾ ತಂಗೀ? ನಿನ್ನ ಸಲುವಾಗಿ ನೀರ ಗೋರಿ ಗೋರಿ ನನ್ನ ರಟ್ಟಿ ಹೋದವು ನೋಡು."

"ಯಾಕ ಕಾಕಾ?"

ಅವನು ಭೀಮಮ್ಮನತ್ತ ನೋಡಿದ. "ಹೇಳಿಲ್ಲೇನು ನೀ? ತಂಗೀ, ಅಂಬರೇಶ ಒಬ್ಬನಾ ಬಂದಾಗಿಂದ ನಿಮ್ಮ ಅತ್ತಿ ಹರಗೋಲ ಬೋರಲ ಹಾಕಲಾಕ ಬಿಟ್ಟಿಲ್ಲ. ಒಬ್ಬಾಕಿ ಆ ದಂಡಿಗಿ ಅದಾಳ ಅಂತ ದಿನಾ ಅದಾ ಮಾತು. ಮುಂಜಾನಿ ತಾನಾ ಬಂದು ನೀರ ಗೋರತಿದ್ದಳು."

ಭಾಗ್ಯಜ್ಯೋತಿ ಅತ್ತೆಯನ್ನು ನೋಡಿದಳು. ಭೀಮಮ್ಮ ಸೀರೆಯ ಅಂಚಿನ ಕೆಸರು ಕೆರೆಯುತ್ತಿದ್ದಳು. "ಅದ್ಯಾಕ ಈಗ. ಮುಗದ ಮಾತು," ಎಂದಳು. ಆಮೇಲೆ ಜಟ್ಟೆಪ್ಪನಿಗೆ ಕೈ ಚಾಚಿದಳು. "ಕಾಕಾ, ಹುಟ್ಟ ಕೊಡು."

"ಯಾಕ? ಗೊಂಡೆ ಕಟ್ಟಿ ಸಿಂಗಾರ ಮಾಡ್ತಿಯೇನು ಅದಕ್ಕ?"

"ನಾವಿಬ್ರೂ ಕಲೀಬೇಕಂತೀವಿ."

ಜಟ್ಟೆಪ್ಪ ಮೊದಲು ನಕ್ಕ. ಅವರು ನಗಲಿಲ್ಲವಾದ್ದರಿಂದ ಅವನ ನಗುವೂ ನಿಂತಿತು. "ಹೊರಗಿಂದ ಬಂದವರಿಗಿ ಹೊಳಿ ತಿಳಿಯಂಗಿಲ್ಲ ಭೀಮವ್ವಾ. ಅದಕ್ಕಾ ಹಿರ್ಯಾರು ಬ್ಯಾಡಂದಾರ."

"ನಾ ಇಲ್ಲಿ ಬಂದು ನನ್ನ ತಲಿ ಬೆಳ್ಳಗಾತು. ನನ್ನ ಗಂಡನ್ನ ಇದಾ ದಂಡಿಗಿ ಮಣ್ಣ ಮಾಡೀನಿ. ಇನ್ನಾ ಹೊರಗಿನಾಕೀನಾ ನಾ?"

ಜಟ್ಟೆಪ್ಪ ನೀರಿನ ಕಡೆ ನೋಡಿದ, ಅವರ ಕಡೆ ನೋಡಿದ. "ಇವತ್ತ ಬ್ಯಾಡ. ನಡು ಹೊಳ್ಯಾಗ ಸೆಳವು ಭಾಳ ಅದ," ಎಂದ ಕೊನೆಗೆ. "ನಾಳಿ ಗಡ್ಡಿ ಹಿಂದ ನಿಂತ ನೀರಾಗ ಬರ್ರಿ. ಹಗ್ಗ ಕಟ್ಟಿ ಬಿಡ್ತೀನಿ. ಮುಳುಗಿದ್ರ ನನಗ ಬೈಬ್ಯಾಡ್ರಿ ಮತ್ತ."

ಮರುದಿನ ಮಕ್ಕಳು ಶಾಲೆಗೆ ಹೋದ ಮೇಲೆ, ಮನೆಗೆಲಸ ಒಂದು ಹಂತಕ್ಕೆ ಬಂದ ಮೇಲೆ, ಅತ್ತೆ ಸೊಸೆ ಸೀರೆಯನ್ನು ಕಚ್ಚೆ ಕಟ್ಟಿ ಹರಗೋಲು ಹತ್ತಿದರು. ಜಟ್ಟೆಪ್ಪ ಸೊಂಟದವರೆಗಿನ ನೀರಿನಲ್ಲಿ ಹಗ್ಗ ಹಿಡಿದು ನಿಂತ. ಭಾಗ್ಯಜ್ಯೋತಿ ಹುಟ್ಟು ಹಾಕಿದಳು. ಹರಗೋಲು ಮುಂದೆ ಹೋಗುವ ಬದಲು ಇದ್ದಲ್ಲೇ ಗಿರ್ರನೆ ತಿರುಗಿತು.

"ಬಗಲಿಗಿ ಹಾಕಬ್ಯಾಡ ತಂಗೀ! ಎದುರಿಗಿ ಹಾಕಿ ನಿನ್ನ ಕಡಿ ಎಳಕೋ!"

ಮತ್ತೆ ತಿರುಗಿತು. ಭೀಮಮ್ಮ ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿದಳು. ತೆರೆದಾಗ ಜಾಲಿಯ ಗಿಡಗಳು, ಆಚೆ ದಂಡೆ, ಮತ್ತೆ ಜಾಲಿಯ ಗಿಡಗಳು ಒಂದರ ಹಿಂದೊಂದು ಓಡುತ್ತಿದ್ದವು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹಣಮವ್ವ ಕೈ ನಿಲ್ಲಿಸಿ ನಿಂತಿದ್ದಳು.

"ಬೀಸೋ ಕಲ್ಲಿನ ಮ್ಯಾಗ ಕುಂತಂಗ ಕಾಣ್ತೀರಿ ನೋಡ್ರವ್ವಾ! ಹಿಟ್ಟು ಸಣ್ಣಗ ಬಂತೇನು?"

"ಬಂದಿದ್ರ ನಿನಗೂ ಕೊಡ್ತೀನಿ," ಎಂದಳು ಭೀಮಮ್ಮ ಕಣ್ಣು ಕಿರಿದು ಮಾಡಿ.

ಭಾಗ್ಯಜ್ಯೋತಿ ಏದುಸಿರು ಬಿಡುತ್ತ ಹುಟ್ಟನ್ನು ಅತ್ತೆಗೆ ಕೊಟ್ಟಳು. "ನೀವು ನೋಡ್ರಿ ಅತ್ತಿ. ನನ್ನ ಮಾತು ಕೇಳವಲ್ದು ಇದು."

ಭೀಮಮ್ಮ ಹುಟ್ಟನ್ನು ಕೈಯಲ್ಲಿ ತೂಗಿ ನೋಡಿದಳು. ಜಟ್ಟೆಪ್ಪ ಹಾಕುವಾಗ ಎಷ್ಟು ಹಗುರ ಕಾಣುತ್ತಿತ್ತು! ನಾಚಿಕೆಯಿಂದಲೇ ಮುಂದೆ ಚಾಚಿ ನೀರಿಗೆ ಬಿಟ್ಟು, ಮಜ್ಜಿಗೆ ಕಡೆಯುವ ಹಾಗೆ ನಿಧಾನವಾಗಿ ತನ್ನ ಕಡೆ ಎಳೆದುಕೊಂಡಳು. ಹರಗೋಲು ಒಂದು ಮಾರಿನಷ್ಟು ನೆಟ್ಟಗೆ ಮುಂದೆ ಹೋಯಿತು.

"ಹೋತು! ಅತ್ತಿ, ನೆಟ್ಟಗ ಹೋತು!" ಭಾಗ್ಯಜ್ಯೋತಿ ಕೂತಲ್ಲೇ ಕುಣಿದ ರಭಸಕ್ಕೆ ಹರಗೋಲು ಅಲುಗಾಡಿ, ಮತ್ತೆ ತಿರುಗಿ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಜಟ್ಟೆಪ್ಪ ಹಗ್ಗ ಎಳೆಯುತ್ತ ಬೈಯುತ್ತಿದ್ದ. ಆದರೆ ಅವನ ಮೀಸೆಯೂ ಕುಣಿಯುತ್ತಿತ್ತು.

ಹಣಮವ್ವ ಒದ್ದೆ ಬಟ್ಟೆ ಕಲ್ಲಿನ ಮೇಲೆ ಬಿಟ್ಟು, ಸೀರೆ ಎತ್ತಿಕಟ್ಟಿ, ಮೊಣಕಾಲಿನ ತನಕ ನೀರಿಗಿಳಿದಿದ್ದಳು. ಅವಳೂ ಯಾವುದೋ ಊರಿನಿಂದ ಮದುವೆಯಾಗಿ ಬಂದವಳೇ.

"ಮೂರನೇದಾಕಿಗಿ ಜಾಗಾ ಅದೇನು ಅದರಾಗ?"

"ಬಾ," ಎಂದಳು ಭೀಮಮ್ಮ. "ಬಾಯಿ ಮಾತ್ರ ದಂಡಿ ಮ್ಯಾಗಿಟ್ಟು ಬಾ."

ಹಣಮವ್ವ ಬಾಯಿ ತೆಗೆದುಕೊಂಡೇ ಹತ್ತಿದಳು. ಮೂವರ ಭಾರಕ್ಕೆ ಹರಗೋಲು ತುಸು ತಗ್ಗಿ, ಮತ್ತೆ ಮೆಲ್ಲಗೆ ತಿರುಗತೊಡಗಿತು.